ರಾಗಿ ನೆನೆಹಾಕುವ ರಾತ್ರಿ

ಇವತ್ತು ಡಿಸೆಂಬರ್ 13. ರಾತ್ರಿ ಊಟವಾಗಿ, ಪಾತ್ರೆ ತೊಳೆದಿಟ್ಟ ಮೇಲೆ ಅರ್ಧ ಪಾವು ರಾಗಿ ನೆನೆಹಾಕಿದೆ. ನೀರು ಸುರಿದ ಕೂಡಲೇ ಜೊಳ್ಳೆಲ್ಲ ಮೇಲಕ್ಕೆ ಬಂತು. ಅಂಗೈಯಲ್ಲಿ ಬಳಿದು ಚೆಲ್ಲಿ, ಇನ್ನೆರಡು ಸಲ ನೀರು ಬದಲಾಯಿಸಿದೆ. ಗಟ್ಟಿ ಕಾಳು ತಳದಲ್ಲಿ ಕೂತಿದೆ. ನಾಳೆ ಬೆಳಿಗ್ಗೆ ಚರ್ಚಿನ ಪೂಜೆಗೆ ಹೊರಡುವ ಮೊದಲು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೊಂದು ಬೋಗುಣಿ ಕವುಚಿ ಇಡಬೇಕು.

ಇದು ಹುರಿಹಿಟ್ಟಿಗಲ್ಲ, ಮಗುವಿನ ಮಾಲ್ಟಿಗೂ ಅಲ್ಲ. ಗೋದಲಿಯ ಹುಲ್ಲಿಗೆ. ಯೇಸು ಹುಟ್ಟಿದ ದನದ ಕೊಟ್ಟಿಗೆಯನ್ನು ಕ್ರಿಸ್ಮಸ್‌ಗೆ ಮನೆಯಲ್ಲಿ ಪುಟ್ಟದಾಗಿ ಕಟ್ಟುತ್ತೇವಲ್ಲ, ಅದಕ್ಕೆ ನಾವು ಗೋದಲಿ ಅನ್ನುತ್ತೇವೆ. ಅದರ ಮುಂದೆ ಕುರಿಗಳು ಮೇಯುವುದಕ್ಕೆ ಹಸಿರು ಬೇಕು. ನಮ್ಮ ಮನೆಯಲ್ಲಿ ಆ ಹಸಿರಿಗೆ ರಾಗಿ ಪೈರೇ ಆಗಬೇಕು. ಇವತ್ತು ನೆನೆಹಾಕಿದರೆ 24ರ ರಾತ್ರಿಗೆ ಬೆರಳುದ್ದ ಬಂದಿರುತ್ತದೆ. ಒಂದು ವಾರ ತಡವಾದರೆ ಬರೀ ಬಿಳಿ ಮೊಳಕೆ. ತೀರಾ ಬೇಗ ಹಾಕಿದರೆ ಹಬ್ಬದ ಹೊತ್ತಿಗೆ ಒರಗಿ ಹಳದಿಯಾಗುತ್ತದೆ.

ಈ ತಿಂಗಳ ಮೊದಲ ದಿನ ಬ್ಯಾಂಕಿನಲ್ಲಿ ಪಕ್ಕದ ಕೌಂಟರಿನ ಗೆಳತಿ ಕೇಳಿದರು: “ನಿಮ್ಮ ಬೀದೀಲಿ ನಕ್ಷತ್ರ ಕಟ್ಟಿದ್ದು ನೋಡಿದೆ. ಹಬ್ಬ ಶುರುವಾಯ್ತು ಅಲ್ವಾ?”

“ಇನ್ನೂ ಇಲ್ಲ ಕಣ್ರೀ. ಈಗ ನಾವು ಕಾಯ್ತಾ ಇದ್ದೀವಿ” ಅಂದೆ.

“ಕಾಯೋದಕ್ಕೂ ಒಂದು ಹಬ್ಬಾನಾ?”

ಪೆನ್ಷನ್‌ಗೆ ಬಂದ ಹಿರಿಯರು ಬಾಗಿಲವರೆಗೆ ಸಾಲು ನಿಂತಿದ್ದರು. ನಕ್ಕು ಸುಮ್ಮನಾದೆ. ಆದರೆ ಆ ಮಾತು ತಲೆಯಲ್ಲೇ ಉಳಿಯಿತು. ಅವರಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೌದು, ಕಾಯುವುದಕ್ಕೇ ಅಂತ ನಮ್ಮಲ್ಲಿ ಒಂದು ಕಾಲ ಇದೆ. ಲ್ಯಾಟಿನ್ನಿನಲ್ಲಿ ‘ಅದ್ವೆಂತುಸ್’ ಅಂದರೆ ಬರುವಿಕೆ. ಅದರಿಂದಲೇ ಅಡ್ವೆಂಟ್ ಅನ್ನುವ ಹೆಸರು. ಕನ್ನಡದ ಕಥೋಲಿಕ ಚರ್ಚುಗಳಲ್ಲಿ ಇದನ್ನು ಆಗಮನ ಕಾಲ ಅನ್ನುತ್ತೇವೆ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಇದರಲ್ಲಿ ಬರುತ್ತವೆ. ಯಾವಾಗ ಶುರು ಅನ್ನುವ ಲೆಕ್ಕ ಸುಲಭ. ನವೆಂಬರ್ 30 ಸಂತ ಅಂದ್ರೆಯರ ಹಬ್ಬ. ಅದಕ್ಕೆ ತೀರಾ ಹತ್ತಿರದ ಭಾನುವಾರ ಯಾವುದೋ ಅದೇ ಮೊದಲನೆಯದು. ಹಾಗಾಗಿ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಯಾವತ್ತು ಬೇಕಾದರೂ ಬರಬಹುದು. 2022ರಲ್ಲಿ ನವೆಂಬರ್ 27ಕ್ಕೇ ಬಂದು ಪೂರ್ತಿ ನಾಲ್ಕು ವಾರ ಸಿಕ್ಕಿತ್ತು. ಮರುವರ್ಷ ಡಿಸೆಂಬರ್ 3ಕ್ಕೆ ಬಂತು. ಆ ಸಲ ನಾಲ್ಕನೇ ಭಾನುವಾರವೇ ಡಿಸೆಂಬರ್ 24. ಬೆಳಿಗ್ಗೆ ಚರ್ಚಿನಲ್ಲಿ ನಾಲ್ಕನೇ ಮೇಣದ ಬತ್ತಿ ಹಚ್ಚಿದ್ದನ್ನು ನೋಡಿ ಬಂದು, ಮಧ್ಯಾಹ್ನ ಕಜ್ಜಾಯ ಕರಿದು, ರಾತ್ರಿ ಹೊಸ ಬಟ್ಟೆ ಹಾಕಿಕೊಂಡು ಕ್ರಿಸ್ಮಸ್ ಪೂಜೆಗೆ ಹೋದೆವು. ಅಮ್ಮನಿಗೆ ಅದು ಒಂಚೂರೂ ಹಿಡಿಸಲಿಲ್ಲ. “ವಾರ ಅಂದ್ರೆ ವಾರ ಇರಬೇಕು” ಅಂದಳು.

ಚರ್ಚಿನ ಪಂಚಾಂಗದಲ್ಲಿ ಹೊಸ ವರ್ಷ ಶುರುವಾಗುವುದೂ ಈ ಮೊದಲ ಭಾನುವಾರವೇ. ಜನವರಿ 1 ಅಲ್ಲ. ಭಾನುವಾರದ ಪೂಜೆಯಲ್ಲಿ ಬೈಬಲಿನಿಂದ ಓದುವ ವಾಚನಗಳು ಮೂರು ವರ್ಷಕ್ಕೊಂದು ಸುತ್ತು ಬರುತ್ತವೆ, ಈ ವರ್ಷ ಮತ್ತಾಯ ಬರೆದ ಶುಭಸಂದೇಶದ, ಅಂದರೆ ಯೇಸುವಿನ ಕಥೆಯ ಸರದಿ. ಹೊಸ ವರ್ಷದ ಮೊದಲ ಶುಭಸಂದೇಶ ಅಂದರೆ ಸಿಹಿ ಮಾತು ಇರಬಹುದು ಅನ್ನಿಸುತ್ತದೆ ಅಲ್ವಾ? ಇಲ್ಲ. ಬೆತ್ಲೆಹೇಮ್ ಇಲ್ಲ, ಕೂಸಿಲ್ಲ, ಕುರುಬರಿಲ್ಲ. ಕಳ್ಳ ಯಾವ ಜಾವದಲ್ಲಿ ಬರುತ್ತಾನೆ ಅಂತ ಮನೆ ಯಜಮಾನನಿಗೆ ಗೊತ್ತಿದ್ದರೆ ಅವನು ಎಚ್ಚರವಾಗಿರುತ್ತಿದ್ದ, ನೀವೂ ಹಾಗೇ ಎಚ್ಚರವಾಗಿರಿ ಅನ್ನುವ ಮಾತಿದೆ. ಚಿಕ್ಕವಳಿದ್ದಾಗ ಇದನ್ನು ಕೇಳಿ ಬಂದ ರಾತ್ರಿ ಎರಡೆರಡು ಸಲ ಎದ್ದು ಅಗಳಿ ಹಾಕಿದೆಯಾ ಅಂತ ನೋಡಿದ್ದೆ.

ಆಮೇಲೆ ಗೊತ್ತಾಯಿತು. ಡಿಸೆಂಬರ್ 16ರವರೆಗೆ ಈ ಕಾಲ ಹೆಚ್ಚಾಗಿ ನೋಡುವುದು ಮುಂದಕ್ಕೆ, ಕ್ರಿಸ್ತ ಕೊನೆಯಲ್ಲಿ ಮತ್ತೆ ಬರುವ ದಿನದ ಕಡೆಗೆ. 17ರಿಂದ ಬೆತ್ಲೆಹೇಮಿನ ಕಡೆಗೆ ತಿರುಗುತ್ತದೆ. 12ನೇ ಶತಮಾನದ ಸಂತ ಬರ್ನಾರ್ಡ್ ಇವೆರಡರ ನಡುವೆ ಮೂರನೆಯ ಬರುವಿಕೆಯೊಂದಿದೆ ಅನ್ನುತ್ತಾರೆ. ಅದು ಯಾರಿಗೂ ಕಾಣುವುದಿಲ್ಲ, ಮನುಷ್ಯನ ಒಳಗೆ ಆಗುವಂಥದ್ದು. ನಮ್ಮಲ್ಲಿ ವಚನಕಾರರು ದೇಹವನ್ನೇ ದೇಗುಲ ಅಂದ ಅದೇ ಶತಮಾನ ಅದು. ಇದು ನೆನಪಾದಾಗಲೆಲ್ಲ ನನಗೆ ಒಂದು ರೀತಿಯ ಖುಷಿ.

ನಮ್ಮೂರು ಮಂಡ್ಯ ಜಿಲ್ಲೆಯ ಒಂದು ಸಣ್ಣ ಹಳ್ಳಿ. ಈ ಸೀಮೆಗೆ ಯೇಸುಸಭೆಯ (ಜೆಸ್ವಿಟ್) ಪಾದ್ರಿಗಳು ಬಂದದ್ದು 17ನೇ ಶತಮಾನದ ನಡುಭಾಗದಲ್ಲಿ, ಶ್ರೀರಂಗಪಟ್ಟಣಕ್ಕೆ. ಹಾಗಾಗಿ ಆ ಸಭೆಯ ಸಂತರ ಹೆಸರುಗಳು ಇಲ್ಲಿ ಬೇರೂರಿ, ಝೇವಿಯರ್ ನಮ್ಮವರ ಬಾಯಲ್ಲಿ ಚೌರಪ್ಪ ಆಗಿದೆ, ಇಗ್ನೇಷಿಯಸ್ ಇನ್ನಾಸಪ್ಪ ಆಗಿದೆ. ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ. ಆವತ್ತು ಊರಿನ ಚೌರಪ್ಪಂದಿರಿಗೆಲ್ಲ ಹೆಸರಿನ ಹಬ್ಬ. ಹೊಲದಲ್ಲಿ ರಾಗಿ ಕುಯ್ಲು ಮುಗಿಯುತ್ತಾ ಬಂದಿರುತ್ತಿತ್ತು. ಬೆಳಿಗ್ಗೆ ಎಂಟಾದರೂ ಮಂಜು ಬಿಡುತ್ತಿರಲಿಲ್ಲ. ಅವರೆಕಾಯಿ ಸೊಗಡು ಕೈಗೆ ಹತ್ತಿದರೆ ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ನನಗೆ ಆಗಮನ ಕಾಲದ ವಾಸನೆ ಅಂದರೆ ಇವತ್ತಿಗೂ ಆ ಸೊಗಡೇ.

ಅಪ್ಪ ಊರಿನ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಭಾನುವಾರ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ವರ್ಷದ ಹೆಚ್ಚಿನ ಭಾನುವಾರಗಳಲ್ಲಿ ಪೂಜೆ ಶುರುವಾಗಿ ಸ್ವಲ್ಪ ಹೊತ್ತಿಗೆ ಗ್ಲೋರಿಯಾ ಅನ್ನುವ ಸ್ತುತಿಗೀತೆ ಹಾಡುತ್ತೇವೆ. ಅಪ್ಪನಿಗೆ ತುಂಬಾ ಇಷ್ಟದ ಹಾಡು, ಎಡಗೈ ತಿದಿಯನ್ನು ಜೋರಾಗಿ ಒತ್ತುತ್ತಿತ್ತು. ಆಗಮನ ಕಾಲದ ಭಾನುವಾರಗಳಲ್ಲಿ ಆ ಜಾಗ ಬಂದಾಗ ಅಪ್ಪ ತಿದಿಯಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಗುರುಗಳು ನೇರವಾಗಿ ಮುಂದಿನ ಪ್ರಾರ್ಥನೆಗೆ ಹೋಗುತ್ತಿದ್ದರು. ನಾನು ಹಾಡಲು ಬಾಯಿ ತೆರೆದು ಮುಚ್ಚುತ್ತಿದ್ದೆ.

ಯಾಕೆ ಅಂತ ಕೇಳಿದ್ದಕ್ಕೆ ಅಪ್ಪ ಹೇಳಿದ್ದು ಹೀಗೆ: “ಅದು ದೇವದೂತರು ಕುರುಬರಿಗೆ ಹಾಡಿದ ಹಾಡು ಕಣವ್ವ. ಕೂಸು ಹುಟ್ಟಿದ ರಾತ್ರಿ ಹಾಡಿದ್ದು. ಇನ್ನೂ ಹುಟ್ಟೇ ಇಲ್ವಲ್ಲ, ಈಗಲೇ ಹಾಡಿಬಿಟ್ಟರೆ ಹೆಂಗೆ?”

ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಾದರೆ ಅಲ್ಲೆಲೂಯ ಅನ್ನುವ ಸ್ತುತಿಯನ್ನೂ ಬಿಡುತ್ತೇವೆ. ಆಗಮನ ಕಾಲದಲ್ಲಿ ಅಲ್ಲೆಲೂಯ ಇರುತ್ತದೆ, ಗ್ಲೋರಿಯಾ ಮಾತ್ರ ಇಲ್ಲ. ಡಿಸೆಂಬರ್ 8ರ ಮರಿಯಮ್ಮನವರ ಹಬ್ಬದಂಥ ದೊಡ್ಡ ದಿನ ನಡುವೆ ಬಂದರೆ ಹಾಡುತ್ತೇವೆ, ಅಷ್ಟೇ. ಎರಡೂ ಕಾಲದಲ್ಲಿ ಗುರುಗಳ ಪೂಜಾವಸ್ತ್ರ ನೇರಳೆ ಬಣ್ಣದ್ದೇ. ಆದರೆ ಒಂದರಲ್ಲಿ ದುಃಖ ಇದೆ, ಇನ್ನೊಂದರಲ್ಲಿ ಬಸುರಿ ಮನೆಯ ಹಾಗೆ ಒಂದು ತಡೆದಿಟ್ಟ ಸಡಗರ. ಕ್ರಿಸ್ಮಸ್ ರಾತ್ರಿಯ ಪೂಜೆಯಲ್ಲಿ ಗುರುಗಳು ಗ್ಲೋರಿಯಾ ಎತ್ತಿಕೊಂಡ ಕೂಡಲೇ ಗಂಟೆಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ಅಪ್ಪನ ಹಾರ್ಮೋನಿಯಂ ಆ ಗದ್ದಲದಲ್ಲಿ ಕೇಳಿಸುತ್ತಲೇ ಇರಲಿಲ್ಲ. ಅಪ್ಪ ಮಾತ್ರ ಕಣ್ಣುಮುಚ್ಚಿ ನುಡಿಸುತ್ತಿದ್ದರು.

ಚರ್ಚಿನಲ್ಲಿ ಪೀಠದ ಪಕ್ಕ ಇಡುವ ಮಾಲೆಯ ಬಗ್ಗೆ ಹೇಳಬೇಕು. ಹಸಿರು ಎಲೆಗಳ ದುಂಡನೆ ಮಾಲೆ, ಅದರಲ್ಲಿ ನಾಲ್ಕು ಮೇಣದ ಬತ್ತಿ, ಮೂರು ನೇರಳೆ, ಒಂದು ಗುಲಾಬಿ. ವಾರಕ್ಕೊಂದು ಹಚ್ಚುತ್ತಾ ಹೋಗುವುದು. ನಮ್ಮೂರಲ್ಲಿ ಇದನ್ನು ಮೊದಲು ಮಾಡಿದ್ದು ಅಪ್ಪನೇ. ಹಳೇ ಸೈಕಲ್ಲಿನ ರಿಮ್ಮು ತಗೊಂಡು, ಕಡ್ಡಿಗಳನ್ನೆಲ್ಲ ಕಿತ್ತು, ಕೆರೆ ಏರಿಯ ಸರ್ವೆ ಮರದ ಟೊಂಗೆ ಸುತ್ತಿ ದಾರದಲ್ಲಿ ಬಿಗಿದರು. ನೇರಳೆ ಬತ್ತಿ ಮಂಡ್ಯದಲ್ಲೂ ಸಿಗಲಿಲ್ಲ. ಬಿಳಿ ಬತ್ತಿಗೇ ಗಾಳಿಪಟದ ಕಾಗದ ಅಂಟಿಸಿದರು. ಎರಡನೇ ವಾರ ಒಂದರ ಕಾಗದಕ್ಕೆ ಬೆಂಕಿ ಹತ್ತಿ, ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯರು ಸೆರಗಿನಲ್ಲೇ ಆರಿಸಿದ್ದರು.

ದೊಡ್ಡವಳಾದ ಮೇಲೆ ಓದಿ ತಿಳಿದೆ. ಈ ಮಾಲೆಯ ಮೂಲವೂ ಒಂದು ಗಾಡಿಚಕ್ರ! 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೋಹಾನ್ ಹಿನ್ರಿಕ್ ವಿಕರ್ನ್ ಅನ್ನುವ ಪ್ರೊಟೆಸ್ಟೆಂಟ್ ದೇವಶಾಸ್ತ್ರಜ್ಞರು ದಿಕ್ಕಿಲ್ಲದ ಮಕ್ಕಳಿಗಾಗಿ ಒಂದು ಆಶ್ರಮ ನಡೆಸುತ್ತಿದ್ದರು. ಕ್ರಿಸ್ಮಸ್‌ಗೆ ಇನ್ನೆಷ್ಟು ದಿನ, ಇನ್ನೆಷ್ಟು ದಿನ ಅಂತ ಮಕ್ಕಳು ದಿನಾ ಪೀಡಿಸುತ್ತಿದ್ದರಂತೆ. ಅವರು ಗಾಡಿಯ ಚಕ್ರ ತರಿಸಿ ಅದರ ಮೇಲೆ ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ ಸಣ್ಣ ಕೆಂಪು ಬತ್ತಿ ನಿಲ್ಲಿಸಿದರು. ಕಥೋಲಿಕ ಚರ್ಚುಗಳಿಗೆ ಅದು ಬಂದದ್ದು 20ನೇ ಶತಮಾನದಲ್ಲಿ. ಹ್ಯಾಂಬರ್ಗಿನ ಚಕ್ರದ ಸುದ್ದಿ ಅಪ್ಪನಿಗೆ ಗೊತ್ತಿರಲಿಲ್ಲ. ಮನೆಯ ಹಿತ್ತಿಲಲ್ಲಿ ದುಂಡಗಿದ್ದದ್ದು ಅದೊಂದೇ ಅಂತ ಸೈಕಲ್ ರಿಮ್ಮು ತಂದಿದ್ದರು.

ಆಗಮನ ಕಾಲದಲ್ಲಿ ನಮ್ಮಲ್ಲಿ ಮದುವೆ ಮಾಡುವುದಿಲ್ಲ. ಆಷಾಢದ ಹಾಗಾ ಅಂತ ಬ್ಯಾಂಕಿನ ಗೆಳತಿ ಕೇಳಬಹುದು. ಅಶುಭ ಅಂತಲ್ಲ. ಇನ್ನೊಂದು ದೊಡ್ಡ ಊಟಕ್ಕೆ ಎಲೆ ಹಾಕಿರುವಾಗ ನಡುವೆ ಬೇರೆ ಊಟ ಬೇಡ ಅಂತ. ಹಳೇ ಕಾಲದಲ್ಲಿ ಇದು ಉಪವಾಸದ ಕಾಲವೇ ಆಗಿತ್ತು. 5ನೇ ಶತಮಾನದಲ್ಲಿ ಫ್ರಾನ್ಸಿನ ತೂರ್ ಪಟ್ಟಣದ ಬಿಷಪ್ ಪೆರ್ಪೆತುವುಸ್, ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದಿಂದ ಕ್ರಿಸ್ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸ ಇರಬೇಕು ಅಂತ ಗೊತ್ತುಮಾಡಿದ್ದರು. ಇಟಲಿಯ ಮಿಲಾನ್ ಕಡೆಯ ಚರ್ಚುಗಳಲ್ಲಿ ಇವತ್ತಿಗೂ ಆಗಮನ ಕಾಲಕ್ಕೆ ಆರು ಭಾನುವಾರ.

ನಮ್ಮಲ್ಲಿ ಈಗ ಆ ಉಪವಾಸ ಹೋಗಿದೆ. ಹಬ್ಬಕ್ಕೆ ಮುಂಚೆ ಪಾಪನಿವೇದನೆಗೆ ಸಾಲು ನಿಲ್ಲುವುದು ಉಳಿದಿದೆ. ಆದರೆ ಮೈಸೂರಿನ ನಮ್ಮ ಮಹಡಿ ಮೇಲಿನ ಮನೆಯಲ್ಲಿ ಕೇರಳದ ಸಿರಿಯನ್ ಕ್ರೈಸ್ತರಿದ್ದಾರೆ. ಆ ಚೇಚಿ ಡಿಸೆಂಬರ್ 1ರಿಂದ ಇಪ್ಪತ್ತೈದು ದಿನದ ನೋಂಬು ಹಿಡಿಯುತ್ತಾರೆ. ಮಾಂಸ, ಮೀನು ಮುಟ್ಟುವುದಿಲ್ಲ. ಮೊದಲ ವರ್ಷ ಗೊತ್ತಾಗದೆ ಕೈಮಾ ಹಾಕಿದ ಸಾರು ಕೊಡಲು ಹೋಗಿದ್ದೆ. ಈಗ ಡಿಸೆಂಬರ್ ಬಂತೆಂದರೆ ಅವರಿಗಾಗಿಯೇ ಹಿತಕಿದ ಬೇಳೆ ಸಾರು. ಅವರೆಕಾಳನ್ನು ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಇಬ್ಬರೂ ಎದುರುಬದುರು ಕೂತು ಹಿತಕುತ್ತೇವೆ. ಹೆಬ್ಬೆರಳು ತೋರುಬೆರಳ ನಡುವೆ ಸ್ವಲ್ಪ ಒತ್ತಿದರೆ ಬೇಳೆ ಚಂಗನೆ ಹಾರಿ ಎಲ್ಲೋ ಬೀಳುತ್ತದೆ. ಚೇಚಿಗೆ ಮೊದಲು ಬರುತ್ತಿರಲಿಲ್ಲ. ಈಗ ನನಗಿಂತ ಜೋರು.

ಈಗ ನನಗೆ ತುಂಬಾ ಇಷ್ಟದ ಭಾಗಕ್ಕೆ ಬರುತ್ತೇನೆ.

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಹಳ್ಳಿಗಳಲ್ಲೆಲ್ಲ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ರಾತ್ರಿ ದೆವ್ವ ಬಂದು ಗುರುತಿನವರ ದನಿಯಲ್ಲಿ ಕರೆಯುತ್ತದೆ, ಬರಹ ನೋಡಿ ನಾಳೆ ಬರೋಣ ಅಂತ ವಾಪಸ್ ಹೋಗುತ್ತದೆ ಅಂತ ನಂಬಿಕೆ. ನಮ್ಮ ಅಣ್ಣನೂ ಸೀಮೆಸುಣ್ಣದಲ್ಲಿ ನಮ್ಮ ಬಾಗಿಲ ಮೇಲೆ ಬರೆದುಬಿಟ್ಟಿದ್ದ. ಬಾಗಿಲ ಮೇಲೆ ಶಿಲುಬೆ, ಅದರ ಕೆಳಗೆ ‘ನಾಳೆ ಬಾ’. ಅಪ್ಪ ಬೈಯುತ್ತಾರೆ ಅಂತ ಕಾದೆವು. ಬೈಯಲಿಲ್ಲ, ಅಳಿಸಲೂ ಇಲ್ಲ.

ಡಿಸೆಂಬರ್ 17ರ ಸಂಜೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಅಪ್ಪ ಸ್ಲೇಟು ಹಿಡಿದರು. ಆವತ್ತಿನಿಂದ 23ರವರೆಗೆ ಏಳು ಸಂಜೆ, ಚರ್ಚಿನ ಸಂಜೆ ಪ್ರಾರ್ಥನೆಯಲ್ಲಿ ಬರುವವನನ್ನು ದಿನಕ್ಕೊಂದು ಹೆಸರಿನಿಂದ ಕೂಗುತ್ತಾರೆ ಅಂದರು. ಸಾವಿರ ವರ್ಷಕ್ಕೂ ಹಳೆಯ ಪದ್ಧತಿ. ಓ ಜ್ಞಾನವೇ, ಓ ಒಡೆಯನೇ, ಓ ಜೆಸ್ಸೆಯನ ಬೇರೇ, ಓ ದಾವಿದನ ಬೀಗದ ಕೈಯೇ, ಓ ಉದಯದ ಬೆಳಕೇ, ಓ ಜನಾಂಗಗಳ ಅರಸನೇ, ಓ ಇಮ್ಮಾನುವೇಲನೇ. ಪ್ರತಿ ಸಲವೂ ಕೊನೆಗೆ ಒಂದೇ ಮಾತು, ಬಾ. ಆಮೇಲೆ ಆ ಏಳು ಹೆಸರಿನ ಲ್ಯಾಟಿನ್ ಮೊದಲಕ್ಷರಗಳನ್ನು ಸ್ಲೇಟಿನಲ್ಲಿ ಸಾಲಾಗಿ ಬರೆದು, ಕೊನೆಯಿಂದ ಮೊದಲಿಗೆ ಓದಿ ಅಂದರು. ಓದಿದೆವು. ‘ಎರೋ ಕ್ರಾಸ್.’ ಹಾಗಂದರೆ ಏನು?

“ನಾಳೆ ಇರ್ತೀನಿ. ನಾಳೆ ಬಂದಿರ್ತೀನಿ ಅಂತ” ಅಂದರು ಅಪ್ಪ.

ನಾವು ಆರು ದಿನ ‘ಬಾ ಬಾ’ ಅಂತ ಕೂಗಿ, ಏಳನೇ ದಿನ ಕೊನೆಯ ಹೆಸರು ಹೇಳುವ ಹೊತ್ತಿಗೆ ಆ ಅಕ್ಷರಗಳಲ್ಲೇ ಅವನ ಉತ್ತರ ಸಿದ್ಧವಾಗಿರುತ್ತದೆ. ಇದನ್ನು ಅಪ್ಪನಿಗೆ ಹೇಳಿಕೊಟ್ಟದ್ದು ಲ್ಯಾಟಿನ್ ಪೂಜೆಯ ಕಾಲದ ಒಬ್ಬ ಮುದಿ ಗುರುಗಳಂತೆ.

23ರ ಸಂಜೆ ನಾನು ನೀರು ತಂದು ಒಳಗೆ ಹೋಗುವಾಗ ಬಾಗಿಲು ನೋಡಿದೆ. ಅಣ್ಣನ ಸೊಟ್ಟ ಅಕ್ಷರದ ಪಕ್ಕ ಅಪ್ಪನ ದುಂಡನೆ ಅಕ್ಷರದಲ್ಲಿ ಇನ್ನೊಂದು ಪದ ಸೇರಿತ್ತು. ‘ನಾಳೆ ಬಾ ಸ್ವಾಮಿ.’

ಆ ವಾರವೇ ನಮ್ಮೂರ ಹನುಮಂತರಾಯನ ಗುಡಿಯಲ್ಲೂ ಧನುರ್ಮಾಸದ ಪೂಜೆ ಶುರುವಾಗುತ್ತಿತ್ತು. ಕತ್ತಲಲ್ಲೇ ಗಂಟೆ, ಬೆಳಗಾಗುವ ಹೊತ್ತಿಗೆ ಹುಗ್ಗಿಯ ಪ್ರಸಾದ. 17ರಿಂದ ನಾವೂ ಅದೇ ಕತ್ತಲಲ್ಲಿ ಎದ್ದು ಜಪಮಾಲೆ ಹೇಳುತ್ತಿದ್ದೆವು. ಈಗ ಆಸ್ಟ್ರಿಯಾದಲ್ಲಿರುವ ನನ್ನ ಚಿಕ್ಕಮ್ಮನ ಮಗಳು, ಕನ್ಯಾಸ್ತ್ರೀ, ಅಲ್ಲಿಯೂ ಹೀಗೇ ಅಂತ ಹೇಳುತ್ತಾಳೆ. ಆಗಮನ ಕಾಲದಲ್ಲಿ ಸೂರ್ಯ ಹುಟ್ಟುವ ಮೊದಲು ಲೈಟು ಹಾಕದೆ ಬರೀ ಮೇಣದ ಬತ್ತಿ ಹಿಡಿದು ಪೂಜೆ. ರೊರಾತೆ ಅನ್ನುತ್ತಾರೆ. ಆಕಾಶವೇ, ಮೇಲಿನಿಂದ ಹನಿ ಸುರಿಸು ಅನ್ನುವ ಪ್ರವಾದಿ ಯೆಶಾಯನ ಮಾತಿನಿಂದ ಬಂದ ಹೆಸರು. ಹೊರಗೆ ಹಿಮ, ಒಳಗೆ ಬತ್ತಿಗಳ ಬಿಸಿ. ಪೂಜೆ ಮುಗಿಯುವ ಹೊತ್ತಿಗೆ ಗಾಜಿನ ಕಿಟಕಿಗಳಲ್ಲಿ ಬೆಳಕು, ಆಮೇಲೆ ಎಲ್ಲರೂ ಒಟ್ಟಿಗೆ ಕೂತು ತಿಂಡಿ.

ಮನೆಯಲ್ಲಿ ಗೋದಲಿಯನ್ನು ಅಪ್ಪ ಮೂರನೇ ಭಾನುವಾರವಾದ ಮೇಲೆ ಕಟ್ಟಲು ಕೂರುತ್ತಿದ್ದರು. ಮರಿಯಮ್ಮ, ಜೋಸೆಫರು, ಹಸು, ಕತ್ತೆ ಎಲ್ಲ ಬರುತ್ತಿದ್ದವು. ಕೂಸು ಮಾತ್ರ ಬರುತ್ತಿರಲಿಲ್ಲ. ಅದು ಅಮ್ಮನ ಟ್ರಂಕಿನಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ. ಮೇವಿನ ತೊಟ್ಟಿ ಖಾಲಿ. ಅದರಲ್ಲಿ ಹಾಸಿಗೆಯೂ ಇರುತ್ತಿರಲಿಲ್ಲ. ಯಾರಿಗಾದರೂ ಒಂದು ಒಳ್ಳೇ ಕೆಲಸ ಮಾಡಿದರೆ ಒಂದು ಭತ್ತದ ಹುಲ್ಲಿನ ಎಸಳು ಹಾಕಬಹುದು ಅಂತ ಅಜ್ಜಿಯ ಕಟ್ಟಳೆ. ಬೇರೆ ದೇಶಗಳಲ್ಲೂ ಈ ಪದ್ಧತಿ ಇದೆ ಅಂತ ಆಮೇಲೆ ತಿಳಿಯಿತು. ಏನು ಮಾಡಿದೆ ಅಂತ ಅಜ್ಜಿ ಯಾವತ್ತೂ ಕೇಳುತ್ತಿರಲಿಲ್ಲ. ಅಣ್ಣ ಒಂದು ಸಲ ಹಿಡಿ ಹುಲ್ಲು ತಂದು ಒಟ್ಟಿಗೇ ತುರುಕಿದ. ಅಜ್ಜಿ ನೋಡಿದಳು, ಸುಮ್ನೆ ತನ್ನ ಪಾಡಿಗೆ ತಾನು ಅಡಿಕೆ ಕತ್ತರಿಸಿದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವನೇ ಎದ್ದು ಹೋಗಿ, ಮೂರು ಎಸಳು ಬಿಟ್ಟು ಉಳಿದದ್ದನ್ನು ತೆಗೆದ.

ಅದಕ್ಕೇ ನನಗೆ ಡಿಸೆಂಬರ್ ಮೊದಲ ವಾರದಲ್ಲೇ ಅಂಗಡಿಗಳಲ್ಲಿ ಕೂಸು ಮಲಗಿರುವ ಗೋದಲಿ ನೋಡಿದರೆ ಬೇಜಾರಾಗುತ್ತದೆ. ಕೇಕ್ ಕತ್ತರಿಸಲಿ, ನಕ್ಷತ್ರ ಕಟ್ಟಲಿ, ಜನ ಖುಷಿಯಾಗಿರಲಿ. ಆ ತೊಟ್ಟಿಯೊಂದನ್ನು ಖಾಲಿ ಬಿಡಿ ಅಂತ ಕೇಳಿಕೊಳ್ಳಬೇಕು ಅನ್ನಿಸುತ್ತದೆ. ಖಾಲಿ ತೊಟ್ಟಿಯ ಮುಂದೆ ಹತ್ತು ದಿನ ಮೊಣಕಾಲೂರಿದ ಮಗುವಿಗೆ 24ರ ರಾತ್ರಿ ಏನಾಗುತ್ತದೆ ಅನ್ನುವುದನ್ನು ನಾನು ಅನುಭವಿಸಿದ್ದೇನೆ.

ಮದುವೆಯಾಗಿ ಮೈಸೂರಿಗೆ ಬಂದ ಮೊದಲ ವರ್ಷ ಅಂಗಡಿಯಿಂದ ರಾಗಿ ತಂದು ನೆನೆಹಾಕಿದ್ದೆ. ಹಳೇ ಕಾಳೋ ಏನೋ, ಒಂದೂ ಮೊಳೆಯಲಿಲ್ಲ, ಹುಳಿ ವಾಸನೆ ಬಂತು. ಪ್ಲಾಸ್ಟಿಕ್ ಹುಲ್ಲಿನ ಚಾಪೆ ಹಾಸಿದೆ. ಹಬ್ಬಕ್ಕೆ ಬಂದ ಅಪ್ಪ ಅದನ್ನು ಬೆರಳಲ್ಲಿ ಮುಟ್ಟಿ ನೋಡಿದರು, ಏನೂ ಹೇಳಲಿಲ್ಲ. ಮುಂದಿನ ವರ್ಷದಿಂದ ನಮ್ಮ ಹೊಲದ ರಾಗಿ ಪ್ರತಿ ಡಿಸೆಂಬರ್‌ನಲ್ಲಿ ಬಸ್ಸಿನಲ್ಲಿ ಬರತೊಡಗಿತು. ಜೊತೆಗೆ ಹೇಳಿಕೆ ಫೋನಿನಲ್ಲಿ. ಕೆಮ್ಮಣ್ಣಿಗೆ ಜರಡಿ ಹಿಡಿದ ಸಗಣಿ ಗೊಬ್ಬರ ಬೆರೆಸು. ಬಿಳಿ ಮೂತಿ ಕಂಡ ಮೇಲೆ ಹರಡು. ಒದ್ದೆ ಗೋಣಿ ಮುಚ್ಚಿ ಎರಡು ದಿನ ಕತ್ತಲಲ್ಲಿಡು, ಒಲೆ ಹತ್ತಿರ, ಚಳಿ ತಾಗದ ಹಾಗೆ. ಎತ್ತಿ ಎತ್ತಿ ನೋಡಬೇಡ.

ಅಪ್ಪ ತೀರಿಕೊಂಡದ್ದು 2018ರ ನವೆಂಬರ್ 20ರಂದು. ಹನ್ನೆರಡು ದಿನಕ್ಕೆ ಆಗಮನ ಕಾಲ ಬಂತು. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ. ನಕ್ಷತ್ರ ಕಟ್ಟುವುದಿಲ್ಲ, ಎಣ್ಣೆ ಬಾಣಲೆ ಇಡುವುದಿಲ್ಲ, ಅಕ್ಕಪಕ್ಕದವರು ಕೊಟ್ಟದ್ದಷ್ಟೇ ಸಿಹಿ. ಗೋದಲಿ ಬೇಡ ಅಂತ ಅಮ್ಮ ಮೊದಲೇ ಹೇಳಿದ್ದಳು. ಡಿಸೆಂಬರ್ 12ರಂದು ಅಟ್ಟದಿಂದ ಬೇರೇನೋ ತೆಗೆಯಲು ಹೋಗಿ ಅಣ್ಣ ಗೋದಲಿಯ ಪೆಟ್ಟಿಗೆ ಇಳಿಸಿದ. ಹಳೇ ಪೇಪರಿನಲ್ಲಿ ಸುತ್ತಿದ ಬೊಂಬೆಗಳು. ಅವುಗಳ ನಡುವೆ ಅಪ್ಪನ ಕರವಸ್ತ್ರದಲ್ಲಿ ಕಟ್ಟಿದ ಗಂಟು. ಬಿಚ್ಚಿದರೆ ರಾಗಿ, ಹುಳ ಬೀಳದಂತೆ ಒಣಗಿದ ಬೇವಿನ ಎಲೆ. ಪ್ರತಿ ಜನವರಿಯಲ್ಲಿ ಮೂರು ರಾಜರ ಹಬ್ಬ ಮುಗಿದು ಗೋದಲಿ ಕಟ್ಟಿಡುವಾಗ ಅಪ್ಪ ಮುಂದಿನ ವರ್ಷದ ಬೀಜವನ್ನೂ ಜೊತೆಗೇ ಇಡುತ್ತಿದ್ದರು. ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ನಮಗೆ ಬಸ್ಸಿನಲ್ಲಿ ಬರುತ್ತಿದ್ದದ್ದು ಆ ಗಂಟಿನದ್ದೇ ಪಾಲು.

ಅಮ್ಮ ಗಂಟನ್ನು ತುಂಬಾ ಹೊತ್ತು ಮಡಿಲಲ್ಲಿ ಇಟ್ಟುಕೊಂಡಳು. ಮಾರನೇ ರಾತ್ರಿ ನಾನು ನೀರು ಕುಡಿಯಲು ಎದ್ದಾಗ ಅಡುಗೆಮನೆಯಲ್ಲಿ ಬೋಗುಣಿ ಮುಚ್ಚಿಟ್ಟಿತ್ತು. ಮುಚ್ಚಳ ತೆಗೆದೆ. ಜೊಳ್ಳು ಬಳಿದು, ತಿಳಿ ನೀರಿನಲ್ಲಿ ರಾಗಿ ಕೂತಿತ್ತು. ಆ ವರ್ಷ ನಮ್ಮ ಮನೆಯಲ್ಲಿ ನಕ್ಷತ್ರ ಇರಲಿಲ್ಲ, ಕಜ್ಜಾಯ ಇರಲಿಲ್ಲ. ಅಪ್ಪನ ಫೋಟೋ ಮುಂದೆ ಒಂದು ತಟ್ಟೆ ಹಸಿರು ಇತ್ತು.

ಮೊನ್ನೆ ಆ ಚಿಕ್ಕಮ್ಮನ ಮಗಳು ಆಸ್ಟ್ರಿಯಾದಿಂದ ಒಂದು ಫೋಟೋ ಕಳಿಸಿದಳು. ಕಳೆದ ವರ್ಷದ್ದು. ಒಂದು ತಟ್ಟೆ ತುಂಬಾ ಹಸಿರು ಪೈರು, ನಡುವೆ ಮೇಣದ ಬತ್ತಿ, ಸುತ್ತ ರಿಬ್ಬನ್ನು. ಅವಳ ಮಠದಲ್ಲಿರುವ ಕ್ರೊಯೇಷಿಯಾದ ಸಿಸ್ಟರ್ ಬೆಳೆಸಿದ್ದಂತೆ. ಗೋಧಿ. ಅವರ ದೇಶದಲ್ಲಿ ಡಿಸೆಂಬರ್ 13ಕ್ಕೆ, ಸಂತ ಲೂಸಿಯಾಳ ಹಬ್ಬದ ದಿನ, ತಟ್ಟೆಯಲ್ಲಿ ಗೋಧಿ ಬಿತ್ತುತ್ತಾರೆ, ಕ್ರಿಸ್ಮಸ್‌ಗೆ ಹಸಿರಾಗಿ ಬರುತ್ತದೆ. ಹಂಗರಿಯಲ್ಲೂ ಅದೇ ದಿನ. ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ಡಿಸೆಂಬರ್ 4ಕ್ಕೇ. ಉತ್ತರ ಕರ್ನಾಟಕದವರು ನವರಾತ್ರಿಯಲ್ಲಿ ಘಟ ಇಟ್ಟು ಧಾನ್ಯ ಬಿತ್ತುವುದೂ ನೆನಪಾಯಿತು. ಅಪ್ಪ ಯಾಕೆ 13ನೇ ತಾರೀಕನ್ನೇ ಹಿಡಿದಿದ್ದರು ಅಂತ ನಾನು ಕೇಳಿರಲಿಲ್ಲ. ಅವರಿಗೂ ಯಾರೋ ಗುರುಗಳು ಹೇಳಿದ್ದಿರಬಹುದು, ಹನ್ನೊಂದು ದಿನದ ಲೆಕ್ಕವೇ ಇರಬಹುದು.

ನಾಳೆ ಮೂರನೇ ಭಾನುವಾರ. ಗುಲಾಬಿ ಬತ್ತಿ ಹಚ್ಚುವ ದಿನ. ಇದನ್ನು ‘ಗೌದೆತೆ’ ಭಾನುವಾರ ಅನ್ನುತ್ತಾರೆ, ಅಂದರೆ ಆನಂದಿಸಿರಿ. ಅರ್ಧ ದಾರಿ ದಾಟಿದವರಿಗೆ ಒಂದು ಗುಟುಕು ನೀರು ಕೊಟ್ಟ ಹಾಗೆ. ಆದರೆ ನಾಳೆಯ ಶುಭಸಂದೇಶದಲ್ಲಿರುವುದು ಸೆರೆಮನೆಯಲ್ಲಿರುವ ಸ್ನಾನಿಕ ಯೊವಾನ್ನ. ಇಷ್ಟು ದಿನ ಬರುವವನಿಗೆ ದಾರಿ ಮಾಡಿ ಅಂತ ಸಾರಿದವನು ಕತ್ತಲಲ್ಲಿ ಕೂತು ತನ್ನ ಶಿಷ್ಯರನ್ನು ಕಳಿಸಿ ಯೇಸುವನ್ನು ಕೇಳುತ್ತಾನೆ: ಬರಬೇಕಾದವರು ನೀವೇನಾ, ಇಲ್ಲ ನಾವು ಇನ್ನೊಬ್ಬರಿಗೆ ಕಾಯಬೇಕಾ? ಸಂತೋಷದ ಭಾನುವಾರಕ್ಕೆ ಈ ಪ್ರಶ್ನೆಯನ್ನು ಇಟ್ಟವರು ಯಾರೋ, ಅವರಿಗೆ ಕಾಯುವುದು ಏನು ಅಂತ ಚೆನ್ನಾಗಿ ಗೊತ್ತಿತ್ತು ಅಂತ ನನಗನ್ನಿಸುತ್ತದೆ.

ನಾಳೆಯ ಎರಡನೇ ವಾಚನ ಓದುವ ಸರದಿ ನನ್ನದು. ಸಂತ ಯಕೋಬನ ಪತ್ರದ ಐದನೇ ಅಧ್ಯಾಯ. ರೈತ ಮುಂಗಾರು ಹಿಂಗಾರು ಮಳೆಗೆ ತಾಳ್ಮೆಯಿಂದ ಕಾದು ಭೂಮಿಯ ಬೆಳೆಗೆ ಎದುರು ನೋಡುತ್ತಾನಲ್ಲ, ಹಾಗೆ ನೀವೂ ತಾಳ್ಮೆಯಿಂದಿರಿ ಅನ್ನುವ ಭಾಗ. ಸಂಜೆಯಿಂದ ನಾಲ್ಕು ಸಲ ಜೋರಾಗಿ ಓದಿ ಅಭ್ಯಾಸ ಮಾಡಿದೆ. ‘ಹಿಂಗಾರು’ ಅನ್ನುವಲ್ಲಿ ಒಂದು ಕಡೆ ಗಂಟಲು ಕಟ್ಟುತ್ತದೆ, ನಾಳೆ ಅಲ್ಲಿ ಸ್ವಲ್ಪ ನಿಂತು ಓದಬೇಕು.

ಮಗಳು ಈಗಷ್ಟೇ ಅಡುಗೆಮನೆಗೆ ಹೋಗಿ ಬೋಗುಣಿ ಮುಚ್ಚಳ ಎತ್ತಿದಳು. ಸದ್ದು ಕೇಳಿಸಿತು.

“ಅಮ್ಮ, ಇನ್ನೂ ಒಂದು ಜೊಳ್ಳು ತೇಲ್ತಾ ಇದೆ.”

“ತೆಗಿ ಮಗಳೇ. ತೆಗೆದು ಮುಚ್ಚಿಡು.”